ವಯಸ್ಸಾದ ಅಪ್ಪ-ಅಮ್ಮನಿಗೆ ಬ್ರಿಟನ್ ವೀಸಾ ನಿರಾಕರಣೆ: ಅಪೀಲು ನಿಂತಿರುವುದು ಯಾವುದರ ಮೇಲೆ?

ಬ್ರಿಟನ್ ಗೃಹ ಸಚಿವೆ ಶಬಾನಾ ಮಹಮೂದ್ 2025ರ ನವೆಂಬರ್‌ನಲ್ಲಿ ಒಂದು ದೊಡ್ಡ ನೀತಿ ಪತ್ರ ಹೊರಡಿಸಿದರು. ಸುದ್ದಿಯಲ್ಲಿ ಜಾಸ್ತಿ ಚರ್ಚೆಯಾದದ್ದು ಆಶ್ರಯ ಕೇಳಿ ಬರುವವರ ವಿಷಯ. ಆದರೆ ಅದೇ ಪತ್ರದಲ್ಲಿ ಇನ್ನೊಂದು ಮಾತೂ ಇತ್ತು. ಮಾನವ ಹಕ್ಕುಗಳ ಯುರೋಪಿಯನ್ ಒಪ್ಪಂದದ 8ನೇ ವಿಧಿ ಕುಟುಂಬ ಜೀವನಕ್ಕೆ ರಕ್ಷಣೆ ಕೊಡುತ್ತದೆ. ವಲಸೆ ಪ್ರಕರಣಗಳಲ್ಲಿ ಆ 'ಕುಟುಂಬ' ಅಂದರೆ ತೀರಾ ಹತ್ತಿರದವರು ಮಾತ್ರ, ಅಂದರೆ ಹೆತ್ತವರು-ಮಕ್ಕಳಂಥವರು, ಎಂದು ಕಾನೂನು ತರುತ್ತೇವೆ ಅಂತ ಸರ್ಕಾರ ಹೇಳಿತು.

ಇದನ್ನು ಓದಿದವರಿಗೆ ಗೊಂದಲವಾಗುವುದು ಸಹಜ. ಹೆತ್ತವರು-ಮಕ್ಕಳು ಅಂದಮೇಲೆ ನಮ್ಮ ಅಮ್ಮನೂ ಬಂದರಲ್ವಾ? ನಮ್ಮ ಲೆಕ್ಕದಲ್ಲಿ ಬಂದರು. ಬ್ರಿಟನ್ನಿನ ವಲಸೆ ಕಾನೂನಿನ ಲೆಕ್ಕ ಬೇರೆ. ಅಲ್ಲಿ 'ಮಗು' ಅಂದರೆ ಸಾಮಾನ್ಯವಾಗಿ 18 ತುಂಬದವರು. 45 ವರ್ಷದ ಮಗ ಮತ್ತು 78 ವರ್ಷದ ತಾಯಿಯನ್ನು ಅದು 'ಇಬ್ಬರು ವಯಸ್ಕ ಸಂಬಂಧಿಕರು' ಅಂತ ನೋಡುತ್ತದೆ.

ಭಾರತದಲ್ಲಿರುವ ತಂದೆ-ತಾಯಿಗೆ ವೀಸಾ ಕೇಳಿ ಇಲ್ಲ ಎನ್ನಿಸಿಕೊಂಡವರಿಗೆ ಈ ಒಂದು ವ್ಯತ್ಯಾಸ ಬಹಳ ದೊಡ್ಡದು. ಯಾಕೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

2012ರ ಜುಲೈ 9

ಅದಕ್ಕೂ ಮೊದಲು ನಿಯಮ ಹೆಚ್ಚು ಕಮ್ಮಿ ಹೀಗಿತ್ತು. ತಂದೆ ಅಥವಾ ತಾಯಿಗೆ 65 ದಾಟಿರಬೇಕು. ಬ್ರಿಟನ್‌ನಲ್ಲಿರುವ ಮಕ್ಕಳು ಕಳಿಸುವ ಹಣದ ಮೇಲೇ ಅವರ ಜೀವನ ನಡೆಯುತ್ತಿರಬೇಕು. ಊರಲ್ಲಿ ನೋಡಿಕೊಳ್ಳುವ ಹತ್ತಿರದ ಸಂಬಂಧಿಕರು ಇರಬಾರದು. ಇಷ್ಟನ್ನು ತೋರಿಸಿದರೆ ಮಕ್ಕಳ ಜೊತೆ ಇರಲು ಅವಕಾಶವಿತ್ತು.

2012ರ ಜುಲೈ 9ರಿಂದ ಇದು ತಲೆಕೆಳಗಾಯಿತು. ಈಗ ಈ ವೀಸಾದ ಹೆಸರು 'ಅಡಲ್ಟ್ ಡಿಪೆಂಡೆಂಟ್ ರಿಲೇಟಿವ್', ಅಂದರೆ ವಯಸ್ಕ ಅವಲಂಬಿತ ಸಂಬಂಧಿಯ ವೀಸಾ. ಹಣಕ್ಕೆ ಮಕ್ಕಳನ್ನು ನೆಚ್ಚಿಕೊಂಡಿರುವುದು ಇಲ್ಲಿ ಸಾಲದು. ವಯಸ್ಸು, ಕಾಯಿಲೆ ಅಥವಾ ಅಂಗವೈಕಲ್ಯದಿಂದಾಗಿ ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಅಡುಗೆಯಂಥ ದಿನನಿತ್ಯದ ಕೆಲಸಕ್ಕೂ ಬೇರೆಯವರ ನೆರವು ಬೇಕಾಗಿರಬೇಕು. ಆ ನೆರವು ಬಹುಕಾಲ ಬೇಕಾಗುವಂಥದ್ದಾಗಿರಬೇಕು.

ಇದು ಮೊದಲ ಅರ್ಧ. ಎರಡನೆಯ ಅರ್ಧ ಇನ್ನೂ ಗಟ್ಟಿ. ಮಕ್ಕಳು ಹಣ ಕಳಿಸಿದರೂ, ಓಡಾಡಿ ವ್ಯವಸ್ಥೆ ಮಾಡಿದರೂ, ಆ ಆರೈಕೆ ಅವರಿರುವ ದೇಶದಲ್ಲಿ ಸಿಗುವುದಿಲ್ಲ ಅಂತ ತೋರಿಸಬೇಕು. ಆರೈಕೆ ಅಲ್ಲಿ ಇಲ್ಲವೇ ಇಲ್ಲ ಮತ್ತು ಮಾಡುವವರೂ ಯಾರೂ ಇಲ್ಲ ಅನ್ನಬೇಕು. ಇಲ್ಲವೇ ಅದರ ಖರ್ಚು ಕೈಗೆಟುಕುವುದಿಲ್ಲ ಅನ್ನಬೇಕು. ಅರ್ಜಿಯನ್ನು ಬ್ರಿಟನ್ನಿನ ಹೊರಗಿನಿಂದಲೇ ಹಾಕಬೇಕು. ಶುಲ್ಕ 3,000 ಪೌಂಡ್‌ಗಿಂತ ಜಾಸ್ತಿ. ತಿರಸ್ಕಾರವಾದರೆ ಆ ಹಣ ವಾಪಸ್ ಬರುವುದಿಲ್ಲ.

ಸಂಬಳ ಏರಿದಷ್ಟೂ ಬಾಗಿಲು ಕಿರಿದು

ಈ ನಿಯಮದ ಒಳಗೇ ಒಂದು ಇಕ್ಕಟ್ಟಿದೆ. ತಾಯಿಯನ್ನು ಕರೆಸಿಕೊಳ್ಳುವ ಮಗಳು, ಸರ್ಕಾರದ ನೆರವು ಕೇಳದೆ ನಾನೇ ಅವರ ಊಟ, ವಸತಿ, ಆರೈಕೆ ನೋಡಿಕೊಳ್ಳುತ್ತೇನೆ ಎಂದು ತೋರಿಸಬೇಕು. ಆ ಮಗಳು ಬ್ರಿಟಿಷ್ ಪ್ರಜೆಯೋ ಅಲ್ಲಿ ಕಾಯಂ ನೆಲೆಸಿದವಳೋ ಆಗಿದ್ದರೆ 5 ವರ್ಷಕ್ಕೆ ಮುಚ್ಚಳಿಕೆಯನ್ನೂ ಬರೆದುಕೊಡಬೇಕು. ಅಂದರೆ ಮಗಳ ಕೈಯಲ್ಲಿ ಒಳ್ಳೆಯ ದುಡ್ಡಿರಬೇಕು.

ಆದರೆ ಆ ದುಡ್ಡೇ ತಿರುಗಿ ಬಂದು ಹೊಡೆಯುತ್ತದೆ. ಪೌಂಡಿನಲ್ಲಿ ಸಂಬಳ ತೆಗೆದುಕೊಳ್ಳುವವರು ಭಾರತದಲ್ಲಿ ಹೋಮ್ ನರ್ಸ್ ಇಡಬಹುದಲ್ವಾ, ಒಳ್ಳೆಯ ವೃದ್ಧಾಶ್ರಮಕ್ಕೆ ಹಣ ಕಟ್ಟಬಹುದಲ್ವಾ ಎಂದು ಅಧಿಕಾರಿ ಕೇಳುತ್ತಾರೆ. ಮನೆಗೆಲಸದವರು, ನರ್ಸ್, ಆರೈಕೆ ಕೇಂದ್ರ ಎಲ್ಲವೂ 'ಸಿಗುವ ಆರೈಕೆ'ಯ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ ಭಾರತದಂಥ ದೇಶದಿಂದ ಹಾಕುವ ಅರ್ಜಿಯಲ್ಲಿ 'ಖರ್ಚು ಭರಿಸಲಾಗದು' ಎಂಬ ವಾದ ನಿಲ್ಲುವುದು ಕಷ್ಟ. ಉಳಿಯುವುದು 'ಸಿಗುತ್ತಿಲ್ಲ' ಎಂಬ ವಾದ.

ಊರಲ್ಲಿ ಇನ್ನೊಬ್ಬ ಮಗನೋ ತಮ್ಮನೋ ಸೊಸೆಯೋ ಇದ್ದರೆ ಅವರು ಯಾಕೆ ನೋಡಿಕೊಳ್ಳಬಾರದು ಎಂಬ ಪ್ರಶ್ನೆಯೂ ಬರುತ್ತದೆ. ಅವರಿಗೂ ವಯಸ್ಸಾಗಿದೆ, ದೂರದಲ್ಲಿದ್ದಾರೆ, ಮಾತುಕತೆ ನಿಂತು ಎಷ್ಟೋ ವರ್ಷವಾಗಿದೆ. ಕಾರಣ ಏನೇ ಇರಲಿ, ಬಾಯಿಮಾತು ನಡೆಯುವುದಿಲ್ಲ. ಆ ಸಂಬಂಧಿಯಿಂದಲೇ ಸಹಿ ಮಾಡಿದ ಹೇಳಿಕೆ ಇದ್ದರೆ ಒಳ್ಳೆಯದು.

ನ್ಯಾಯಾಲಯ ಬಿಟ್ಟುಕೊಟ್ಟ ಒಂದು ಸಂದು

ಈ ನಿಯಮವನ್ನೇ ರದ್ದು ಮಾಡಿ ಎಂದು ಬ್ರಿಟ್‌ಸಿಟ್ಸ್ ಎಂಬ ಸಂಘಟನೆ ಕೋರ್ಟಿಗೆ ಹೋಯಿತು. 2017ರಲ್ಲಿ ಕೋರ್ಟ್ ಆಫ್ ಅಪೀಲ್ ನಿಯಮವನ್ನು ಎತ್ತಿಹಿಡಿಯಿತು. ಕುಟುಂಬಗಳಿಗೆ ಅದು ಸೋಲು. ಆದರೆ ತೀರ್ಪಿನ ಒಳಗಿನ ಒಂದು ವಿವರಣೆ ಇವತ್ತಿಗೂ ಅಪೀಲುಗಳನ್ನು ಗೆಲ್ಲಿಸುತ್ತಿದೆ.

ಊರಲ್ಲಿ ನರ್ಸ್ ಸಿಗುತ್ತಾರೋ ಇಲ್ಲವೋ ಎಂದು ಕೇಳಿ ಸುಮ್ನೆ ಕೈತೊಳೆದುಕೊಳ್ಳುವಂತಿಲ್ಲ ಎಂಬುದು ಅದರ ತಿರುಳು. ಆ ಆರೈಕೆ ಈ ವ್ಯಕ್ತಿಗೆ ಬೇಕಾದ ಮಟ್ಟದ್ದೇ ಆಗಿರಬೇಕು. ಅದನ್ನು ಅಲ್ಲಿ ಕೊಡುವುದು ಕೊಡುವವರ ಕಡೆಯಿಂದಲೂ ಪಡೆಯುವವರ ಕಡೆಯಿಂದಲೂ ನ್ಯಾಯವಾಗಿ ಕಾಣಬೇಕು. ಬೇಕಾದದ್ದರಲ್ಲಿ ಮನಸ್ಸಿನ ಅಗತ್ಯಗಳೂ ಸೇರುತ್ತವೆ. ಆದರೆ ಅದನ್ನು ತಜ್ಞ ವೈದ್ಯರು ದೃಢಪಡಿಸಿರಬೇಕು.

ಹೀಗಾಗಿ 'ಅಮ್ಮನಿಗೆ ನಮ್ಮನ್ನು ಬಿಟ್ಟಿರಲು ಆಗುವುದಿಲ್ಲ' ಎಂಬುದು ಬರೀ ಭಾವನೆಯಾಗಿ ಉಳಿದರೆ ಕೋರ್ಟಿನಲ್ಲಿ ತೂಕವಿಲ್ಲ. ಅದೇ ಮಾತು ವೈದ್ಯಕೀಯ ಸಾಕ್ಷ್ಯವಾಗಿ ಬಂದರೆ ತೂಕವಿದೆ.

ಅಪೀಲಿನಲ್ಲಿ ಕೇಳುವ ಪ್ರಶ್ನೆಯೇ ಬೇರೆ

ಹೆಚ್ಚಿನವರು ಎಡವುವುದು ಇಲ್ಲಿ. ಅಪೀಲು ಅಂದರೆ ಅಧಿಕಾರಿ ಮಾಡಿದ ತಪ್ಪನ್ನು ಮೇಲಿನವರಿಗೆ ತೋರಿಸುವುದು ಅಂತ ನಾವು ತಿಳಿದಿರುತ್ತೇವೆ. ಬ್ರಿಟನ್‌ನಲ್ಲಿ 2014ರ ವಲಸೆ ಕಾಯ್ದೆ ಅಪೀಲಿನ ಹಕ್ಕನ್ನು ತುಂಬಾ ಕತ್ತರಿಸಿತು. 'ನಿರ್ಧಾರ ನಿಯಮಕ್ಕೆ ಸರಿಯಾಗಿಲ್ಲ' ಎಂಬ ಕಾರಣವೊಂದರಿಂದಲೇ ಈಗ ಅಪೀಲು ಹಾಕಲು ಬರುವುದಿಲ್ಲ. ಈ ವೀಸಾದ ಮಟ್ಟಿಗೆ ಉಳಿದಿರುವುದು ಒಂದೇ ಆಧಾರ: ಈ ನಿರಾಕರಣೆಯಿಂದ ಮಾನವ ಹಕ್ಕು, ಅಂದರೆ 8ನೇ ವಿಧಿಯ ಕುಟುಂಬ ಜೀವನದ ಹಕ್ಕು, ಮುರಿಯುತ್ತದೆ ಎನ್ನುವುದು.

ಇಡೀ ಅಪೀಲು ನಿಂತಿರುವುದು ಈ ಒಂದೇ ಕಂಬದ ಮೇಲೆ. ನವೆಂಬರ್‌ನ ಪ್ರಸ್ತಾಪ ಕೈ ಹಾಕಿರುವುದೂ ಇದೇ ಕಂಬಕ್ಕೆ.

ಕಂಬ ಒಂದೇ ಆದರೂ ಅದನ್ನು ಹಿಡಿದು ಮೇಲೇರಲು ಎರಡು ಮೆಟ್ಟಿಲಿವೆ. ಮೊದಲನೆಯದು, 'ಕುಟುಂಬ ಜೀವನ' ನಿಜವಾಗಿ ಇದೆ ಅಂತ ತೋರಿಸುವುದು. ತಾಯಿ-ಮಗನ ನಡುವೆ ಅದು ಇದ್ದೇ ಇರುತ್ತದಲ್ಲ ಅಂತ ನಮಗೆ ಅನ್ನಿಸಬಹುದು. ಕಾನೂನು ಹಾಗೆ ಒಪ್ಪಿಕೊಳ್ಳುವುದಿಲ್ಲ. ವಯಸ್ಕರ ನಡುವೆ ಸಾಮಾನ್ಯ ಪ್ರೀತಿ-ವಿಶ್ವಾಸ ಮೀರಿದ ಅವಲಂಬನೆ ಬೇಕು ಎಂದು ಕೋರ್ಟ್ ಆಫ್ ಅಪೀಲ್ 2003ರಲ್ಲಿ ಹೇಳಿತ್ತು. ಈಗಲೂ ಅಧಿಕಾರಿಗಳು ಅದನ್ನೇ ಮುಂದಿಡುತ್ತಾರೆ. ದಿನಾ ಮಾಡುವ ವಿಡಿಯೋ ಕರೆ, ತಿಂಗಳು ತಿಂಗಳು ಕಳಿಸಿದ ಹಣದ ಬ್ಯಾಂಕ್ ದಾಖಲೆ, ಔಷಧಿಯಿಂದ ಆಪರೇಷನ್‌ವರೆಗೆ ಎಲ್ಲ ತೀರ್ಮಾನ ಮಗಳೇ ಮಾಡುತ್ತಿರುವುದು, ಕಾಯಿಲೆ ಬಿದ್ದಾಗಲೆಲ್ಲ ರಜೆ ಹಾಕಿ ಓಡಿ ಬಂದ ವಿಮಾನದ ಟಿಕೆಟ್. ಇವೆಲ್ಲ ಈ ಮೆಟ್ಟಿಲಿಗೆ ಬೇಕಾದ ಸಾಕ್ಷ್ಯಗಳು.

ಎರಡನೆಯದು, ವಲಸೆ ನಿಯಮವನ್ನೇ ಪೂರೈಸಿದ್ದೇವೆ ಅಂತ ತೋರಿಸುವುದು. ನಿಯಮದ ಆಧಾರದ ಮೇಲೆ ಅಪೀಲಿಲ್ಲ ಅಂದಮೇಲೆ ನಿಯಮ ಯಾಕೆ ಬೇಕು? ಕಾರಣವಿದೆ. ಕುಟುಂಬ ಜೀವನ ಇದೆ, ನಿಯಮವನ್ನೂ ಪೂರೈಸಿದ್ದಾರೆ ಅಂತ ಅಪೀಲು ಕೇಳುವ ನ್ಯಾಯಮಂಡಳಿಗೆ, ಅಂದರೆ ಟ್ರಿಬ್ಯೂನಲ್‌ಗೆ ಕಂಡರೆ, ಅವರನ್ನು ಹೊರಗಿಡುವುದರಲ್ಲಿ ಸಾರ್ವಜನಿಕ ಹಿತ ಉಳಿಯುವುದಿಲ್ಲ. 2018ರಲ್ಲಿ ಕೋರ್ಟ್ ಆಫ್ ಅಪೀಲ್ ಇದನ್ನು ಸ್ಪಷ್ಟ ಮಾತಿನಲ್ಲಿ ಹೇಳಿದೆ. ಹೀಗೆ ಮುಂಬಾಗಿಲಲ್ಲಿ ತಡೆದ ನಿಯಮ ಹಿಂಬಾಗಿಲಿಂದ ಒಳಗೆ ಬರುತ್ತದೆ.

ನಿಯಮ ಪೂರೈಸದಿದ್ದರೆ ಕೊನೆಯ ದಾರಿ, ನಿರಾಕರಣೆಯ ಪರಿಣಾಮ ಸಮರ್ಥಿಸಲಾಗದಷ್ಟು ಕಠೋರ ಎಂದು ವಾದಿಸುವುದು. ಇದು ಏರುದಾರಿ. ಇಲ್ಲಿ 'ನೀವೇ ವಾಪಸ್ ಹೋಗಿ ನೋಡಿಕೊಳ್ಳಬಹುದಲ್ಲ' ಎಂಬ ಪ್ರಶ್ನೆ ಎದುರಾಗುತ್ತದೆ. 2018ರದೇ ಇನ್ನೊಂದು ಪ್ರಕರಣದಲ್ಲಿ ದಕ್ಷಿಣ ಆಫ್ರಿಕಾದಲ್ಲಿದ್ದ ತಾಯಿಯ ಅಪೀಲು ಕೋರ್ಟ್ ಆಫ್ ಅಪೀಲ್‌ನಲ್ಲಿ ಬಿದ್ದುಹೋಯಿತು. ಲಂಡನ್ನಿನಲ್ಲಿದ್ದ ಮಗಳು ಅಲ್ಲಿಗೆ ಹೋಗಿ ನೋಡಿಕೊಳ್ಳಬಹುದು ಎಂಬುದು ಅಲ್ಲಿ ದೊಡ್ಡ ಕಾರಣವಾಯಿತು. ಆದ್ದರಿಂದ ಬ್ರಿಟನ್ನಿನಲ್ಲೇ ಹುಟ್ಟಿ ಶಾಲೆಗೆ ಹೋಗುತ್ತಿರುವ ಮಕ್ಕಳು, ಗಂಡ ಅಥವಾ ಹೆಂಡತಿಯ ಕೆಲಸ, ಸ್ವಂತ ಆರೋಗ್ಯ, ಇವನ್ನೆಲ್ಲ ಮೊದಲೇ ದಾಖಲೆ ಸಮೇತ ಮುಂದಿಡಬೇಕು. ವಿಚಾರಣೆಯ ದಿನ ಉತ್ತರ ಹುಡುಕಿದರೆ ತಡವಾಗಿರುತ್ತದೆ.

ವೈದ್ಯರ ಪತ್ರ

ಅರ್ಜಿಗಳು ಬೀಳುವುದು, ಅಪೀಲುಗಳು ಏಳುವುದು ಬಹುಪಾಲು ಇಲ್ಲೇ. ಒಂದು ಊಹೆಯ ಉದಾಹರಣೆ ತೆಗೆದುಕೊಳ್ಳೋಣ. 78 ವರ್ಷದ ತಾಯಿಗೆ ಡಿಮೆನ್ಷಿಯಾ, ಅಂದರೆ ಮರೆಗುಳಿತನದ ಕಾಯಿಲೆ. ಕುಟುಂಬದ ಡಾಕ್ಟರು ಅರ್ಧ ಪುಟ ಬರೆದುಕೊಟ್ಟಿದ್ದಾರೆ: ಇವರಿಗೆ ಬಿಪಿ, ಶುಗರ್, ಮರೆವು ಇದೆ, ಮಗನ ಜೊತೆ ಇದ್ದರೆ ಒಳ್ಳೆಯದು. ಬರೆದದ್ದು ಪ್ರೀತಿಯಿಂದಲೇ. ಆದರೆ ನಿಯಮ ಕೇಳುವ ಒಂದು ಪ್ರಶ್ನೆಗೂ ಅದರಲ್ಲಿ ಉತ್ತರವಿಲ್ಲ. ಬಿಪಿ, ಶುಗರ್ ಇರುವವರು ಲಕ್ಷಾಂತರ ಜನ ಒಬ್ಬರೇ ಬದುಕುತ್ತಾರೆ. 'ಒಳ್ಳೆಯದು' ಮತ್ತು 'ಬೇಕೇ ಬೇಕು' ಎರಡೂ ಒಂದೇ ಅಲ್ಲ.

ಈಗ ಅದೇ ತಾಯಿಯ ಬಗ್ಗೆ ತಜ್ಞರೊಬ್ಬರು ವಿವರವಾಗಿ ಬರೆದರು ಅಂದುಕೊಳ್ಳಿ. ಯಾವ ಪರೀಕ್ಷೆ ಯಾವತ್ತು ಮಾಡಿದೆವು, ಫಲಿತಾಂಶ ಏನು. ಸ್ನಾನ ಮಾಡಿಸಬೇಕು, ಔಷಧಿ ಕೈಗೆ ಕೊಟ್ಟು ನುಂಗಿಸಬೇಕು, ರಾತ್ರಿ ಎದ್ದು ಹೊರಗೆ ಹೋಗಿಬಿಡುತ್ತಾರೆ. ಕಳೆದ ವರ್ಷ ಮೂವರು ಹೋಮ್ ನರ್ಸ್‌ಗಳು ಬದಲಾದರು, ಪ್ರತಿ ಸಲ ಗುರುತಿಲ್ಲದವರನ್ನು ಕಂಡು ಹೆದರಿ ಊಟ ಬಿಟ್ಟರು, ತೂಕ ಇಷ್ಟು ಇಳಿಯಿತು. ಮಗ ಬಂದಿದ್ದ ಆರು ವಾರದಲ್ಲಿ ಊಟ, ನಿದ್ದೆ ಸರಿಹೋದವು. ಕಾಯಿಲೆ ಹೀಗೇ ಮುಂದುವರಿಯುತ್ತದೆ, ಪದೇ ಪದೇ ಬದಲಾಗುವ ಸಂಬಳದ ಆಳುಗಳಿಂದ ಇವರಿಗೆ ಬೇಕಾದ ಆರೈಕೆ ಆಗುವುದಿಲ್ಲ, ಕಾರಣ ಇದು. ಈ ವರದಿ 2017ರ ತೀರ್ಪು ಬಿಟ್ಟುಕೊಟ್ಟ ಸಂದಿನೊಳಗೆ ನೇರವಾಗಿ ಹೋಗಿ ಕೂರುತ್ತದೆ.

ಆರೈಕೆ ಸಿಗುವುದಿಲ್ಲ ಎಂಬುದಕ್ಕೂ ಕುಟುಂಬದ ಹೊರಗಿನವರ ಸಾಕ್ಷ್ಯ ಬೇಕು. ಸ್ಥಳೀಯ ಆರೋಗ್ಯ ಇಲಾಖೆ, ಸ್ಥಳೀಯ ಆಡಳಿತ ಅಥವಾ ವೈದ್ಯರು ಕೊಟ್ಟ ಪತ್ರ ನಡೆಯುತ್ತದೆ. ಈ ಹಂತದ ರೋಗಿಯನ್ನು ಸೇರಿಸಿಕೊಳ್ಳುವುದಿಲ್ಲ ಎಂದು ಆರೈಕೆ ಕೇಂದ್ರವೊಂದು ಬರೆದುಕೊಟ್ಟರೆ ಅದನ್ನೂ ಜೊತೆಗಿಡಬೇಕು. ಇಷ್ಟು ದಿನ ಯಾರೋ ನೋಡಿಕೊಳ್ಳುತ್ತಿದ್ದರೆ, ಅದು ಯಾಕೆ ನಿಂತಿತು ಎಂದು ಹೇಳಲೇಬೇಕು. ಈ ಕೊನೆಯದನ್ನು ಮರೆಯುವವರು ಬಹಳ. ಇಲ್ಲಿಯವರೆಗೆ ಹೇಗೋ ನಡೆದಿದೆಯಲ್ಲ, ಮುಂದೆಯೂ ನಡೆಯುತ್ತದೆ ಎಂದು ಅಧಿಕಾರಿ ಬರೆದುಬಿಡುತ್ತಾರೆ.

ಒಂದು ಸಮಾಧಾನವಿದೆ. ಮಾನವ ಹಕ್ಕಿನ ಅಪೀಲಿನಲ್ಲಿ ಟ್ರಿಬ್ಯೂನಲ್ ನೋಡುವುದು ವಿಚಾರಣೆಯ ದಿನದ ಪರಿಸ್ಥಿತಿಯನ್ನು. ಅರ್ಜಿ ಹಾಕಿದಾಗ ಇಲ್ಲದ ವರದಿಯನ್ನು ಆಮೇಲೂ ಕೊಡಬಹುದು. ನಡುವೆ ಕಾಯಿಲೆ ಹೆಚ್ಚಾಗಿದ್ದರೆ ಅದನ್ನೂ ಹೇಳಬಹುದು. ತೀರಾ ಹೊಸದೊಂದು ವಿಷಯ ಎತ್ತುವುದಾದರೆ ಮಾತ್ರ ಗೃಹ ಇಲಾಖೆಯ ಒಪ್ಪಿಗೆ ಬೇಕಾಗುತ್ತದೆ.

ದಿನಗಳ ಲೆಕ್ಕ

ಬ್ರಿಟನ್ನಿನ ಹೊರಗಿರುವವರು ನಿರ್ಧಾರ ಕೈಸೇರಿದ 28 ದಿನದೊಳಗೆ ಫಸ್ಟ್-ಟಿಯರ್ ಟ್ರಿಬ್ಯೂನಲ್‌ಗೆ ಅಪೀಲು ಹಾಕಬೇಕು. ದಾಖಲೆ ನೋಡಿಯಷ್ಟೇ ತೀರ್ಮಾನಿಸಿ ಅಂದರೆ ಶುಲ್ಕ 80 ಪೌಂಡ್, ಎದುರು ವಿಚಾರಣೆ ಬೇಕೆಂದರೆ 140 ಪೌಂಡ್. ಇಲ್ಲಿ 60 ಪೌಂಡ್ ಉಳಿಸುವುದು ಜಾಣತನ ಅನ್ನಿಸುವುದಿಲ್ಲ. ಕರೆಸಿಕೊಳ್ಳುವ ಮಗನೋ ಮಗಳೋ ನ್ಯಾಯಾಧೀಶರ ಮುಂದೆ ಕೂತು ಪ್ರಶ್ನೆಗಳಿಗೆ ಉತ್ತರಿಸುವುದೇ ಎಷ್ಟೋ ಸಲ ದೊಡ್ಡ ಸಾಕ್ಷ್ಯ. ತಾಯಿ ಭಾರತದಿಂದ ವಿಡಿಯೋದಲ್ಲಿ ಸಾಕ್ಷಿ ಹೇಳಲು ಆ ದೇಶದ ಒಪ್ಪಿಗೆ ಬೇಕಾಗುತ್ತದೆ. ಅದಕ್ಕಾಗಿ ಅವರ ಮಾತನ್ನು ಬರವಣಿಗೆಯಲ್ಲೇ ಕೊಡುವುದು ರೂಢಿ.

ಅಪೀಲು ದಾಖಲಾದ ಮೇಲೆ ಗೃಹ ಇಲಾಖೆ ಮತ್ತೊಮ್ಮೆ ಕಡತ ನೋಡಬೇಕು. ಸಾಕ್ಷ್ಯ ಗಟ್ಟಿಯಾಗಿದ್ದರೆ ಆ ಹಂತದಲ್ಲೇ ನಿರಾಕರಣೆ ವಾಪಸ್ ಪಡೆಯುವುದೂ ಉಂಟು. ಇಲ್ಲದಿದ್ದರೆ ಕಾಯಬೇಕು, ತಿಂಗಳುಗಟ್ಟಲೆ. 80ರ ಆಸುಪಾಸಿನವರಿಗೆ ಆ ಕಾಯುವಿಕೆಯೇ ದೊಡ್ಡ ಶಿಕ್ಷೆ. ಪರಿಸ್ಥಿತಿ ಹದಗೆಡುತ್ತಿದ್ದರೆ ವೈದ್ಯಕೀಯ ದಾಖಲೆ ಇಟ್ಟು ಬೇಗ ವಿಚಾರಣೆ ಕೊಡಿ ಎಂದು ಕೇಳಬಹುದು. ಅಲ್ಲಿ ಸೋತರೆ ಅಪ್ಪರ್ ಟ್ರಿಬ್ಯೂನಲ್ ಇದೆ. ಆದರೆ ಕಾನೂನಿನ ತಪ್ಪು ಆಗಿದ್ದರೆ ಮಾತ್ರ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಈ ಬಗೆಯ ಪ್ರಕರಣಗಳಿಗೆ 2013ರಿಂದ ಸರ್ಕಾರದ ಕಾನೂನು ನೆರವು ಸಾಮಾನ್ಯವಾಗಿ ಸಿಗುವುದಿಲ್ಲ. ಸಲಹೆಗಾರರನ್ನು ಹಿಡಿಯುವಾಗ ಅವರು ಸಾಲಿಸಿಟರೋ (ವಕೀಲರೋ), ವಲಸೆ ಸಲಹೆಗಾರರ ಮೇಲೆ ನಿಗಾ ಇಡುವ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿಯಲ್ಲಿ ನೋಂದಾಯಿತರೋ ಎಂದು ನೋಡಿಕೊಳ್ಳಬೇಕು.

ಪ್ರವಾಸಿ ವೀಸಾದಲ್ಲಿ ಬಂದು ಉಳಿಯುವುದು

ಆರು ತಿಂಗಳ ವಿಸಿಟರ್ ವೀಸಾದಲ್ಲಿ ಕರೆಸಿ, ಆಮೇಲೆ ಅಲ್ಲಿಂದಲೇ ಅರ್ಜಿ ಹಾಕಿದರಾಯಿತು ಎಂಬ ಸಲಹೆ ಹರಿದಾಡುತ್ತದೆ. ಈ ನಿಯಮದಲ್ಲಿ ಅದಕ್ಕೆ ಜಾಗವಿಲ್ಲ. ವಾಪಸ್ ಹೋಗುತ್ತೇನೆಂದು ಹೇಳಿ ಬಂದು ಉಳಿದರು ಎಂಬುದು ತೂಕದಲ್ಲಿ ಅವರಿಗೇ ಎದುರಾಗಿ ನಿಲ್ಲುತ್ತದೆ. ಮುಂದಿನ ಸಲ ನೋಡಲು ಬರುವ ದಾರಿಯೂ ಕೆಡಬಹುದು. 2013ರ ಜೂನ್‌ನಿಂದ ಕುಟುಂಬ ಭೇಟಿಯ ವೀಸಾ ನಿರಾಕರಣೆಗೆ ಪೂರ್ಣ ಅಪೀಲಿನ ಹಕ್ಕೂ ಇಲ್ಲ.

ಎರಡು ಕಡೆಯ ಮಾತು

ಸರ್ಕಾರದ ವಾದ ಹಣದ್ದು. ಬ್ರಿಟಿಷ್ ಪ್ರಜೆ ಅಥವಾ ಕಾಯಂ ನೆಲೆಸಿದವರು ಕರೆಸಿಕೊಂಡರೆ ಈ ವೀಸಾದಲ್ಲಿ ಬಂದವರಿಗೆ ಬಂದ ದಿನದಿಂದಲೇ ಕಾಯಂ ವಾಸದ ಹಕ್ಕು ಸಿಗುತ್ತದೆ. ಎನ್‌ಎಚ್‌ಎಸ್ ಎಂಬ ಸರ್ಕಾರಿ ಆರೋಗ್ಯ ಸೇವೆಯ ಚಿಕಿತ್ಸೆ ಉಚಿತ. ಬರುವವರಿಗೆ ಆರೈಕೆ ಜಾಸ್ತಿ ಬೇಕಾಗಿರುತ್ತದೆ, ತೆರಿಗೆ ಕಟ್ಟುವ ವಯಸ್ಸು ದಾಟಿರುತ್ತದೆ. ಆ ಹೊರೆ ತೆರಿಗೆದಾರರ ಮೇಲೆ ಬೀಳುತ್ತದೆ. ಇದು ಸುಳ್ಳು ವಾದವಲ್ಲ.

ಆದರೆ ಆ ತೆರಿಗೆದಾರರಲ್ಲಿ ಈ ಮಕ್ಕಳೂ ಇದ್ದಾರೆ. ಇಂಗ್ಲೆಂಡಿನ ಎನ್‌ಎಚ್‌ಎಸ್‌ನಲ್ಲಿ ಬ್ರಿಟಿಷರನ್ನು ಬಿಟ್ಟರೆ ಅತಿ ಹೆಚ್ಚು ಇರುವುದು ಭಾರತೀಯ ಸಿಬ್ಬಂದಿ. ಭಾರತ ಮೂಲದ ವೈದ್ಯರ ಸಂಘ ಬಾಪಿಯೋ ಮತ್ತು ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ ವರ್ಷಗಳಿಂದ ಈ ನಿಯಮ ಸಡಿಲಿಸಿ ಎನ್ನುತ್ತಿವೆ. ಬೇರೆಯವರ ಅಪ್ಪ-ಅಮ್ಮನನ್ನು ರಾತ್ರಿಯೆಲ್ಲ ನೋಡಿಕೊಳ್ಳುವ ಡಾಕ್ಟರಿಗೆ ತಮ್ಮವರನ್ನು ನೋಡಿಕೊಳ್ಳಲು ಆಗದಿದ್ದರೆ, ಅವರು ಕೆಲಸ ಬಿಟ್ಟು ಹೋಗುತ್ತಾರೆ. ಆ ನಷ್ಟವನ್ನು ಯಾರ ಲೆಕ್ಕಕ್ಕೆ ಬರೆಯಬೇಕು? ವೀಸಾ ಜೊತೆ ಕಟ್ಟುವ ಆರೋಗ್ಯ ಶುಲ್ಕ (ಸರ್ಚಾರ್ಜ್) ಅಥವಾ ವಿಮೆ ನಾವೇ ಕಟ್ಟುತ್ತೇವೆ ಎನ್ನುವ ಕುಟುಂಬಗಳಿವೆ. ಅವರ ಮಾತಿಗೆ ನಿಯಮದಲ್ಲಿ ಜಾಗವೇ ಇಲ್ಲ. ನನಗೆ ಅತಿ ದೊಡ್ಡ ಅನ್ಯಾಯ ಅನ್ನಿಸುವುದು ಇದೇ. ಹಣದ ಚಿಂತೆಯಿಂದ ಮಾಡಿದ ನಿಯಮ, ಹಣ ಕೊಡಲು ಸಿದ್ಧ ಇರುವವರ ಮಾತನ್ನು ಕೇಳಬೇಕಿತ್ತು. ಸಂಸತ್ತಿನ ಮೇಲ್ಮನೆಯ ನ್ಯಾಯ ಮತ್ತು ಗೃಹ ವ್ಯವಹಾರಗಳ ಸಮಿತಿ 2023ರ ವರದಿಯಲ್ಲಿ ಈ ನಿಯಮಗಳ ಬಿಗಿಯನ್ನು ಟೀಕಿಸಿತ್ತು.

ಪ್ರಸ್ತಾಪ ಕಾನೂನಾದರೆ

ವೀಸಾದ ನಿಯಮ ಹಾಗೇ ಉಳಿಯಬಹುದು. ಬದಲಾಗುವುದು ನಿರಾಕರಣೆಯ ನಂತರದ ಕಥೆ. ಅಪೀಲಿಗೆ ಮಾನವ ಹಕ್ಕೊಂದೇ ಆಧಾರ. ಆ ಹಕ್ಕಿನ 'ಕುಟುಂಬ'ದಲ್ಲಿ ವಯಸ್ಕ ಮಕ್ಕಳು ಮತ್ತು ಮುದಿ ಹೆತ್ತವರು ಸೇರದಿದ್ದರೆ ಮೊದಲ ಮೆಟ್ಟಿಲೇ ಇಲ್ಲವಾಗುತ್ತದೆ. ಮೊದಲನೆಯದು ಹೋದರೆ ಎರಡನೆಯದಕ್ಕೆ ಕಾಲಿಡಲು ಬರುವುದಿಲ್ಲ. ಎಷ್ಟೇ ಒಳ್ಳೆಯ ವೈದ್ಯಕೀಯ ವರದಿ ಇದ್ದರೂ ಅದನ್ನು ಸ್ವತಂತ್ರ ನ್ಯಾಯಾಧೀಶರು ಓದುವ ಸಂದರ್ಭವೇ ಬರದೆ ಹೋಗಬಹುದು. ವೀಸಾ ಅಧಿಕಾರಿಯ ಮಾತೇ ಬಹುಮಟ್ಟಿಗೆ ಕೊನೆಯ ಮಾತಾಗುತ್ತದೆ.

ಸಂಸತ್ತು ಹೀಗೆ ಟ್ರಿಬ್ಯೂನಲ್‌ಗಳಿಗೆ ದಾರಿ ಹಾಕಿಕೊಡುವುದು ಹೊಸದಲ್ಲ. 8ನೇ ವಿಧಿಯ ಪ್ರಕರಣದಲ್ಲಿ ಇಂಗ್ಲಿಷ್ ಜ್ಞಾನ, ಆರ್ಥಿಕ ಸ್ವಾವಲಂಬನೆ ಇವನ್ನೆಲ್ಲ ತೂಗಬೇಕು ಎಂದು 2014ರ ಕಾಯ್ದೆಯೇ ಹೇಳಿತ್ತು. ಆಗ ತಕ್ಕಡಿಯಲ್ಲಿ ಏನೇನು ಹಾಕಬೇಕು ಎಂದು ಹೇಳಿದರು. ಈಗ ತಕ್ಕಡಿಯ ಹತ್ತಿರ ಯಾರು ಬರಬಹುದು ಎಂದು ಹೇಳಲು ಹೊರಟಿದ್ದಾರೆ. ಬ್ರಿಟನ್ ಯುರೋಪಿಯನ್ ಒಪ್ಪಂದದಲ್ಲೇ ಉಳಿದಿರುವವರೆಗೆ ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ನ್ಯಾಯಾಲಯದ ಬಾಗಿಲು ತೆರೆದಿರುತ್ತದೆ. ಅಲ್ಲಿಯೂ ವಯಸ್ಕರ ನಡುವೆ ವಿಶೇಷ ಅವಲಂಬನೆ ತೋರಿಸಲೇಬೇಕು. ಅದಕ್ಕೆ ಹಿಡಿಯುವ ವರ್ಷಗಳು 80 ದಾಟಿದವರ ಕೈಯಲ್ಲಿ ಇರುವುದಿಲ್ಲ.

ನೀತಿ ಪತ್ರ ಕಾನೂನಲ್ಲ. ಅದು ಮಸೂದೆಯಾಗಿ, ಎರಡೂ ಸದನ ದಾಟಿ, ಜಾರಿಯ ದಿನಾಂಕ ಬರುವವರೆಗೆ ಟ್ರಿಬ್ಯೂನಲ್‌ಗಳು ಈಗಿನ ಕಾನೂನಿನ ಪ್ರಕಾರವೇ ನಡೆಯಬೇಕು. ಜಾರಿಯಾಗುವಾಗ ಮೊದಲೇ ದಾಖಲಾದ ಅಪೀಲುಗಳಿಗೆ ಹಳೆಯ ಕಾನೂನೇ ಅನ್ವಯಿಸುತ್ತದೋ ಇಲ್ಲವೋ ಎಂಬುದು ಸಾಮಾನ್ಯವಾಗಿ ಮಸೂದೆಯ ಕೊನೆಯಲ್ಲಿ ಬರುವ ಸಂಕ್ರಮಣ ಕಲಮುಗಳಲ್ಲಿ ಇರುತ್ತದೆ. ಪತ್ರಿಕೆಯ ತಲೆಬರಹಕ್ಕೆ ಅವು ಬರುವುದಿಲ್ಲ. ಅಪೀಲು ಹಾಕಿ ಕಾಯುತ್ತಿರುವವರು ಮಸೂದೆ ಬಂದ ದಿನ ಮೊದಲು ತೆರೆದು ಓದಬೇಕಾದದ್ದು ಆ ಪುಟಗಳನ್ನು.